ಒದ್ದೆ ಅಂಗಿಯ ಲೆಕ್ಕ

ನನ್ನ ಭಾವನಿಗೆ ಬೆವರು ಬರುವುದಿಲ್ಲ. ಹುಟ್ಟಿನಿಂದಲೇ ಬೆವರಿನ ಗ್ರಂಥಿಗಳು ಸರಿಯಿಲ್ಲ, ಮೈಯ ಕಾವು ಹೊರಗೆ ಹೋಗಲು ದಾರಿಯಿಲ್ಲ ಎಂದು ಡಾಕ್ಟರು ಹೇಳಿದ್ದರು. ಅಂಥವರು ಕಬ್ಬಿಣ ಕರಗಿಸುವ ಕಾರ್ಖಾನೆಗೆ ಯಾಕೆ ಸೇರಿದರು ಎಂದು ನನ್ನನ್ನು ಕೇಳಬೇಡಿ, ಹೊಟ್ಟೆಯನ್ನು ಕೇಳಿ. ಕುಲುಮೆಯಿಂದ ದೂರ, ಬಾಗಿಲ ಬಳಿ ಕೂತು ಮರಳಿನ ಅಚ್ಚು ಮಾಡುವುದು ಅವರ ಕೆಲಸ. ಅರ್ಧ ಗಂಟೆಗೊಮ್ಮೆ ಅಂಗಿಯನ್ನು ಬಕೆಟ್ಟಿನಲ್ಲಿ ಅದ್ದಿ, ಹಿಂಡದೆ ತೊಟ್ಟು, ಫ್ಯಾನಿನ ಮುಂದೆ ನಿಲ್ಲುತ್ತಿದ್ದರು. ತಲೆ ಸಿಡಿದರೆ, ಮಾತು ತೊದಲಿದರೆ ತಕ್ಷಣ ಮೈಮೇಲೆ ನೀರು ಸುರಿಯಬೇಕು. ನಾನೂ ಅಲ್ಲೇ ಕೆಲಸಗಾರನಾದ್ದರಿಂದ ಅಕ್ಕ ಇದನ್ನು ನೂರು ಸಲ ಹೇಳಿದ್ದಳು.

ನಮ್ಮಲ್ಲೊಂದು ದರಿದ್ರ ಪದ್ಧತಿ ಇತ್ತು. ಪಾಳಿ ಮುಗಿಯುವಾಗ ಮೇಸ್ತ್ರಿ ಎಲ್ಲರ ಬೆನ್ನು ಮುಟ್ಟಿ ನೋಡುತ್ತಿದ್ದ. ಅಂಗಿ ಒದ್ದೆಯಾಗಿದ್ದರೆ ದುಡಿದವನು, ಒಣಗಿದ್ದರೆ ಮೈಗಳ್ಳ. ಹೊಸದಾಗಿ ಬಂದ ಮೇಸ್ತ್ರಿ ಒಂದು ಮಧ್ಯಾಹ್ನ ಭಾವ ಅಂಗಿ ಅದ್ದುವುದನ್ನು ಕಂಡ.

"ಓಹೋ, ಬೆವರನ್ನ ನಲ್ಲೀಲಿ ಹಿಡ್ಕೊಂಡು ಬರ್ತೀಯಾ? ಯಾರ ಕಿವಿ ಮೇಲೆ ಹೂ ಇಡ್ತಿದ್ದೀಯ?"

"ಇಲ್ಲ ಮೇಸ್ತ್ರಿ, ನಂಗೆ ಬೆವರೇ ಬರಲ್ಲ. ಡಾಕ್ಟರ್ ಚೀಟಿ ಇದೆ, ನೋಡಿ..."

ಚೀಟಿ ತೆಗೆಯುವ ಮೊದಲೇ ಕೆನ್ನೆಗೆ ಬಿತ್ತು. ಮೇಸ್ತ್ರಿ ಬಕೆಟ್ಟನ್ನು ಒದ್ದು, ಭಾವನ ಕೊರಳಪಟ್ಟಿ ಹಿಡಿದು ಕುಲುಮೆಯ ಮುಂದಕ್ಕೆ ಎಳೆದೊಯ್ದ. "ಬೆವರು ಇಳಿಯೋವರೆಗೂ ಇಲ್ಲೇ ಸಾಯಿ" ಎಂದು ಸಲಾಕೆ ಹಿಡಿದು ಅಡ್ಡ ನಿಂತ. ಭಾವ ಜರುಗಿದಾಗಲೆಲ್ಲ ಮೊಣಕಾಲಿಗೆ ಬಾರಿಸಿದ. ಸುತ್ತ ನಿಂತವರು ಹಲ್ಲು ಕಿರಿಯುತ್ತಿದ್ದರಂತೆ, ಅಯೋಗ್ಯರು.

ನಾನು ಹಿಂದಿನ ಅಂಗಳದಿಂದ ಮರಳು ತಳ್ಳಿಕೊಂಡು ಬರುವಷ್ಟರಲ್ಲಿ ಭಾವ ನೆಲಕ್ಕುರುಳಿದ್ದರು. ಮುಖ ಕೆಂಡವಾಗಿತ್ತು, ಮೈ ಒಣ ಒಣ, ಮಾತು ತೊದಲುತ್ತಿತ್ತು. ನನ್ನ ಪಿತ್ತ ನೆತ್ತಿಗೇರಿತು. ಸಲಾಕೆ ಕಿತ್ತುಕೊಂಡು ಮೇಸ್ತ್ರಿಯ ಭುಜಕ್ಕೆ ಬೀಸಿದೆ, ಮೂಳೆ ಲಟಕ್ಕೆಂದಿತು. ಬಿದ್ದವನ ಎದೆಯ ಮೇಲೆ ಕೂತು ಹಲ್ಲು ಉದುರುವಂತೆ ಗುದ್ದಿದೆ. ಬಿಡಿಸಲು ಬಂದವನನ್ನೂ ಒದ್ದೆ. ಸುಳ್ಳೇಕೆ ಹೇಳಲಿ, ಹಿತವಾಗಿತ್ತು.

ಕಸ ಗುಡಿಸುವ ಅಜ್ಜಿ ಪೊರಕೆಯ ಹಿಡಿಯಿಂದ ನನ್ನ ಬೆನ್ನಿಗೆ ಬಾರಿಸಿದಳು. "ಲೋ ಮುಠ್ಠಾಳ, ಅವನನ್ನ ಆಮೇಲೆ ಕೊಲ್ಲು! ಮೊದಲು ನಿಮ್ಮ ಭಾವನ ಮೇಲೆ ನೀರು ಹಾಕೋ!"

ಆಗ ನೀರು ಸುರಿದೆವು, ರಟ್ಟಿನಿಂದ ಗಾಳಿ ಬೀಸಿದೆವು, ಆಸ್ಪತ್ರೆಗೆ ಹೊತ್ತೊಯ್ದೆವು. ಜೀವ ಉಳಿಯಿತು. ಮಾತು ಹೋಯಿತು. ಹತ್ತು ನಿಮಿಷ ಮೊದಲೇ ಮೈ ತಣಿಸಿದ್ದರೆ ಇಷ್ಟಾಗುತ್ತಿರಲಿಲ್ಲವೇನೋ ಎಂದರು ಡಾಕ್ಟರು.

ಅಕ್ಕ ಅಳಲಿಲ್ಲ, ಬೈಯಲಿಲ್ಲ. "ನೀನು ಅಲ್ಲೇ ಇದ್ಯಲ್ಲೋ, ಆ ಹತ್ತು ನಿಮಿಷ ಏನು ಮಾಡ್ತಿದ್ದೆ?" ಎಂದಳು.

"ಹೊಡೀತಿದ್ದೆ ಅಕ್ಕಾ" ಎಂದೆ.