ಅಗಸಿ ಹಿಂಡಿ ಕಡ್ಡಾಯವಲ್ಲ

ಹೊಲಕ್ಕೆ ಬುತ್ತಿ ಒಯ್ಯುವ ಎಳ್ಳ ಅಮಾವಾಸ್ಯೆಗೆ ಇನ್ನು ಒಂಬತ್ತು ದಿನ. ಸೋಮವಾರ, ಬೆಳಗಿನ ಆರೂವರೆ. ಶಹಾಪುರದ ನಮ್ಮ ಮನೆಯ ಪಡಸಾಲೆ. ಹಾಜರಿದ್ದವರು ನಾನು, ಸೊಸೆ ರೇಣುಕಾ ಮತ್ತು ರೊಟ್ಟಿ ಬಡಿಯುವ ಶರಣಮ್ಮ. ಲ್ಯಾಪ್‌ಟಾಪೂ ಹಾಜರಿತ್ತು, ಆದರೆ ಅದಕ್ಕೆ ಎಚ್ಚರವಾಗಲು ನಾಲ್ಕು ನಿಮಿಷ ಬೇಕು. ನನ್ನ ಹಾಸ್ಟೆಲ್ಲಿನಲ್ಲಿ ಇಂಥವರಿಗೆ ಮೊದಲ ಪಂಕ್ತಿಯಲ್ಲಿ ಜಾಗ ಸಿಗುತ್ತಿರಲಿಲ್ಲ.

ನಾನು ಇಪ್ಪತ್ತೆಂಟು ವರ್ಷ ಹೆಣ್ಣುಮಕ್ಕಳ ಹಾಸ್ಟೆಲ್ಲಿಗೆ ವಾರ್ಡನ್ ಆಗಿದ್ದವಳು. ಸೋಮವಾರ ಉಪ್ಪಿಟ್ಟು ಎಂದರೆ ಸೋಮವಾರ ಉಪ್ಪಿಟ್ಟು. ಯಾರಿಗೆ ಏನು ಇಷ್ಟ ಎಂದು ವಿಚಾರಿಸುವುದು ಅಡುಗೆಮನೆಯ ಕೆಲಸವೇ ಅಲ್ಲ ಎಂದು ನಂಬಿ ನಿವೃತ್ತಳಾದೆ. ದೇವರು ಇಂಥವರನ್ನು ಮರೆಯುವುದಿಲ್ಲ. ಜಗತ್ತಿಗೆಲ್ಲ ಅವರವರಿಗೆ ಬೇಕಾದ್ದನ್ನು ಆರಿಸಿಕೊಳ್ಳಲು ಬಿಡುವ ಕೆಲಸಕ್ಕೆ ಆತ ನನ್ನನ್ನೇ ಕೂರಿಸಿದ.

ರೇಣುಕಾಳ ಆನ್‌ಲೈನ್ ಅಂಗಡಿಯಲ್ಲಿ ರೊಟ್ಟಿ, ನಾವು ಹಿಂಡಿ ಎನ್ನುವ ಚಟ್ನಿಪುಡಿ, ಉಪ್ಪಿನಕಾಯಿಗಳನ್ನು ಇಷ್ಟು ದಿನ ಬಿಡಿಯಾಗಿ ಮಾರುತ್ತಿದ್ದರು. ಸರಿಯಾಗಿ ಹೇಳಬೇಕೆಂದರೆ ಮಾರಲು ಇಟ್ಟಿದ್ದರು. ಒಂದು ಪೊಟ್ಟಣ ಶೇಂಗಾ ಹಿಂಡಿಗಾಗಿ ಯಾರು ಕೊರಿಯರ್ ಖರ್ಚು ಕೊಡುತ್ತಾರೆ? ಅದಕ್ಕೆ ಹೊಸ ಉಪಾಯ: ‘ನಿಮ್ಮ ಬುತ್ತಿ ನೀವೇ ಕಟ್ಟಿರಿ’. ಒಂಬತ್ತು ತಿನಿಸುಗಳ ಪಟ್ಟಿಯಿಂದ ಗಿರಾಕಿ ಬೇಕಾದ್ದನ್ನು ಆರಿಸಬೇಕು, ನಾವು ಒಂದೇ ಡಬ್ಬಿಗೆ ತುಂಬಿ ಕಳಿಸಬೇಕು. ಕಂಪ್ಯೂಟರಿನವರು ಇದನ್ನು ಬಂಡಲ್ ಎನ್ನುತ್ತಾರೆ.

ಶರಣಮ್ಮನಿಗೆ ಮಾತ್ರ ಇದು ಉಪಾಯವಲ್ಲ, ಗಡುವು. ಹತ್ತಿ ಮಿಲ್ಲಿಗೆ ಆಳು ಕೂಡಿಸುವ ಮುಕಾದಮ, ಕೆಲಸಕ್ಕೆ ಬರುವೆಯೋ ಇಲ್ಲವೋ ಸಂಜೆ ಆರರೊಳಗೆ ಹೇಳು ಎಂದಿದ್ದ. ಹೋದ ವರ್ಷ ಅಲ್ಲಿಯ ಧೂಳಿಗೆ ಹತ್ತಿದ ಕೆಮ್ಮು ಯುಗಾದಿಯವರೆಗೂ ಅವಳನ್ನು ಬಿಟ್ಟಿರಲಿಲ್ಲ.

“ಇವತ್ತ ಹತ್ತು ಬುತ್ತಿ ಬಂದ್ರ ಇಲ್ಲೇ ಇರ್ತೀನ್ರಿ ಅಕ್ಕಾವ್ರ. ಬರಲಿಲ್ಲಂದ್ರ ನಾಳಿಂದ ಮಿಲ್ಲು,” ಎಂದು ಹೇಳಿ ಹಿಟ್ಟು ನಾದಲು ಹೋದಳು.

ನನಗೆ ಹೆಸರಿನಲ್ಲೇ ತಕರಾರಿತ್ತು. ಉಣ್ಣುವವನು ತನ್ನ ಬುತ್ತಿಯನ್ನು ತಾನೇ ಕಟ್ಟಿಕೊಂಡದ್ದನ್ನು ಯಾರಾದರೂ ನೋಡಿದ್ದೀರಾ? ಬುತ್ತಿ ಕಟ್ಟುವವರು ಒಬ್ಬರು, ಬದುವಿನ ಮೇಲೆ ಕೂತು ಬಿಚ್ಚುವವರು ಇನ್ನೊಬ್ಬರು. ಒಳಗೆ ಏನಿದೆ ಎಂದು ಗಂಟು ಬಿಚ್ಚುವವರೆಗೆ ಗೊತ್ತಿರಬಾರದು. ಬಿಚ್ಚಿದ ಮೇಲೆ ಗೊಣಗಬಾರದು. ನಮ್ಮ ಬಿಲ್ವಪತ್ರೆಯನ್ನೇ ನೋಡಿ. ಮೂರೆಲೆಯ ಬಂಡಲ್ ಅದು. ನನಗೆ ನಡುವಿನದು ಬೇಡ, ಆಚೀಚೆಯ ಎರಡನ್ನೇ ಕೊಡಿ ಎಂದು ಶಿವ ಇವತ್ತಿನವರೆಗೆ ಕೇಳಿಲ್ಲ. ಕೆಂಭಾವಿಯ ಸಂತೆಯಲ್ಲಿ ಬದನೆಕಾಯಿ ಕೊಂಡರೆ ಮೇಲೆ ನಾಲ್ಕೆಸಳು ಕೊತ್ತಂಬರಿಯನ್ನು ಕೊಸರು ಎಂದು ಹಾಕುತ್ತಾಳಲ್ಲ, ಆ ಮುದುಕಿ ನಿಮ್ಮ ಇಷ್ಟ ಕೇಳುತ್ತಾಳೆಯೇ? ಚೀಲ ಹಿಡಿದಿರೋ ಬಿತ್ತು. ಆನ್‌ಲೈನ್ ಅಂಗಡಿಯಲ್ಲಿ ಕೊಸರಿಗೊಂದು ಖಾನೆಯೇ ಇಲ್ಲ.

ಬೇರೆ ಖಾನೆಗಳು ಮಾತ್ರ ಬೇಕಾದಷ್ಟಿದ್ದವು. ರೇಣುಕಾ ಡಬ್ಬಿಯಲ್ಲಿ ಪೊಟ್ಟಣ ಇಟ್ಟು ನೋಡಿ, ಆರಕ್ಕಿಂತ ಹೆಚ್ಚು ಹಿಡಿಯುವುದಿಲ್ಲವೆಂದು ‘ಗರಿಷ್ಠ ಆರು’ ಎಂದು ಬರೆದು ಒಲೆಯ ಕಡೆ ಹೋದಳು. ಉಳಿದದ್ದು ನನ್ನ ಪಾಲು. ಒಂದೊಂದು ತಿನಿಸಿಗೂ ಯಂತ್ರ ಕೇಳುತ್ತದೆ: ಇದು ಕಡ್ಡಾಯವೋ, ಐಚ್ಛಿಕವೋ? ನಿಯಮ ಮುರಿದವರಿಗೆ ಏನು ಹೇಳಬೇಕು? ಇಪ್ಪತ್ತೆಂಟು ವರ್ಷದಲ್ಲಿ ನನ್ನನ್ನು ಯಾರೂ ಇಷ್ಟು ಮರ್ಯಾದೆಯಿಂದ ಕೇಳಿರಲಿಲ್ಲ. ಜೋಳದ ರೊಟ್ಟಿ, ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳ ಹಿಂಡಿ, ಅಗಸಿ ಹಿಂಡಿ, ಕೆಂಪು ಚಟ್ನಿ, ಉಪ್ಪಿನಕಾಯಿ ಎಲ್ಲಕ್ಕೂ ಕಡ್ಡಾಯದ ಟಿಕ್ ಹಾಕಿದೆ. ಶೇಂಗಾ ಹೋಳಿಗೆ, ಅಂಟಿನ ಉಂಡೆಗಳನ್ನು ಬಿಟ್ಟೆ; ಸಿಹಿ ತಿನ್ನಲು ಯಾರಿಗೂ ಒತ್ತಾಯ ಬೇಕಿಲ್ಲ. ಎಚ್ಚರಿಕೆಯ ಮಾತುಗಳನ್ನು ಅಚ್ಚುಕಟ್ಟಾದ ಕನ್ನಡದಲ್ಲಿ ಬರೆದೆ. ಒಂಬತ್ತಕ್ಕೆ ಸರಿಯಾಗಿ ಅಂಗಡಿ ತೆರೆಯಿತು. ರೇಣುಕಾ ಪರಿಚಯದವರಿಗೆಲ್ಲ ವಾಟ್ಸಾಪಿನಲ್ಲಿ ಲಿಂಕ್ ಕಳಿಸಿದಳು.

ಮಧ್ಯಾಹ್ನ ಹನ್ನೆರಡಾದರೂ ಒಂದೂ ಆರ್ಡರ್ ಬರಲಿಲ್ಲ. ನೋಡಿದವರು ಬಹಳ, ಕೊಂಡವರಿಲ್ಲ. ಶರಣಮ್ಮ ಎರಡು ಸಲ ಬಾಗಿಲಿಗೆ ಬಂದು ನೋಡಿ ಒಳಗೆ ಹೋದಳು. ನಾನು ಗಿರಾಕಿಗಳ ಮೇಲೆ ಒಂದು ಭಾಷಣ ಮಾಡಿದೆ. ಇವರಿಗೆ ಆಯ್ಕೆ ಬೇಕಂತೆ! ನೂರು ಸೀರೆ ಬಿಚ್ಚಿಸಿ ಮೊದಲು ನೋಡಿದ್ದನ್ನೇ ಒಯ್ಯುವ ಜನ, ಅದೂ ಮರುದಿನ ತಿರುಗಿ ಕೊಡಲು. ಭಾಷಣದ ನಡುವೆ ಫೋನು ಬಂತು. ಸುರಪುರದಿಂದ ಭಾಗ್ಯಶ್ರೀ, ನನ್ನ ಹಾಸ್ಟೆಲ್ಲಿನ ಹಳೆಯ ಹುಡುಗಿ, ಈಗ ಶಾಲೆಯಲ್ಲಿ ಟೀಚರ್.

“ಮೇಡಂ, ಆ ಬುತ್ತಿ ಪೇಜಿನ ಒಳಗ ನೀವ ಕುಂತೀರೇನ್ರಿ?”

“ಯಾಕ, ಏನಾತು?”

“ಏಳು ಸಾಮಾನು ಕಡ್ಡಾಯ ಅಂತೈತ್ರಿ. ಅಷ್ಟೂ ಹಾಕಿದ್ರ ‘ಆರಕ್ಕಿಂತ ಹೆಚ್ಚು ಕೇಳತಕ್ಕದ್ದಲ್ಲ’ ಅಂತೈತಿ. ಒಂದು ತೆಗದ್ರ ‘ಇದನ್ನು ಬಿಟ್ಟು ಮೇಲೇಳತಕ್ಕದ್ದಲ್ಲ’ ಅಂತೈತಿ. ಅದನ್ನ ಓದಿದ ಕೂಡಲೇ ಗುರುತು ಹಿಡದೆ ನೋಡ್ರಿ. ಹೆದರಿ, ಕೈ ತೊಳ್ಕೊಂಡು ಬಂದು ಕುಂತೀನಿ!”

ಇನ್ನೂರು ಹುಡುಗಿಯರ ತಲೆಯನ್ನು ದಿನಕ್ಕೆ ಎರಡು ಸಲ ಎಣಿಸಿದವಳು ನಾನು. ಏಳು ಆರರಲ್ಲಿ ಹಿಡಿಯುವುದಿಲ್ಲ ಎಂಬುದು ಹೊಳೆದಿರಲಿಲ್ಲ. ಯಂತ್ರವಾದರೂ ಹೇಳಬೇಡವೇ? ಅದು ನನ್ನ ಹಳೆಯ ಅಡುಗೆಯವರ ಹಾಗೆ, ಹೇಳಿದ್ದನ್ನು ತಪ್ಪೆಂದು ಗೊತ್ತಿದ್ದೂ ಚಾಚೂ ತಪ್ಪದೆ ಮಾಡಿತ್ತು.

ಒಂದೇ ಟಿಕ್ ತೆಗೆದು ಸರಿಮಾಡೋಣ ಎಂದೆ.

“ಅಂದ್ರ ಆರು ಕಡ್ಡಾಯ, ಹಿಡಿಯೂದೂ ಆರ,” ಎಂದಳು ರೇಣುಕಾ. “ಅದರಾಗ ಅವರು ಆರಸೂದೇನ್ರಿ ಅತ್ತೀ, ಡಬ್ಬಿ ಬಣ್ಣಾನ?”

ಒಂದೊಂದಾಗಿ ತೆಗೆದಳು. ಅಗಸಿ ಹಿಂಡಿಗೆ ಬಂದಾಗ ನಾನು ಅವಳ ಕೈ ಹಿಡಿದೆ. ಅಗಸಿ ಕೂದಲಿಗೆ ಒಳ್ಳೆಯದು, ಮಂಡಿಗೆ ಒಳ್ಳೆಯದು. ಹಾಸ್ಟೆಲ್ಲಿನಲ್ಲಿ ಅದನ್ನು ತಿನ್ನದೆ ಯಾರೂ ಎದ್ದದ್ದಿಲ್ಲ. ಈ ಭಾಗ್ಯಶ್ರೀ ನಾನು ಬೆನ್ನು ತಿರುಗಿಸಿದಾಗ ತಾಟಿನ ಅಡಿಗೆ ಒತ್ತಿಬಿಡುತ್ತಿದ್ದಳು, ಆ ಮಾತು ಬೇರೆ.

ಶರಣಮ್ಮ ಹಿಟ್ಟಿನ ಕೈಯಲ್ಲೇ ಬಾಗಿಲಲ್ಲಿ ನಿಂತಿದ್ದಳು. “ಅಕ್ಕಾವ್ರ, ಅಗಸಿ ಕಡ್ಡಾಯ ಆದ್ರ ನನಗ ಮಿಲ್ಲು ಕಡ್ಡಾಯರಿ.”

ಕೈ ಬಿಟ್ಟೆ. ಕೊನೆಗೆ ಉಳಿದದ್ದು ಒಂದೇ ನಿಯಮ: ಯಾವುದಾದರೂ ಒಂದು ರೊಟ್ಟಿ ಇರಲೇಬೇಕು. ಎಚ್ಚರಿಕೆಯ ಮಾತನ್ನೂ ರೇಣುಕಾ ಬದಲಿಸಿದಳು: ‘ಒಂದಾದ್ರೂ ರೊಟ್ಟಿ ಇರ್ಲಿರಿ’. ನನ್ನ ಅಚ್ಚುಕಟ್ಟಾದ ಕನ್ನಡ ಅಲ್ಲಿಗೆ ಮುಗಿಯಿತು.

ಅರ್ಧ ತಾಸಿನಲ್ಲಿ ಆರ್ಡರುಗಳು ಬರತೊಡಗಿದವು. ಆಯ್ಕೆ ಕೊಟ್ಟರೆ ಮನುಷ್ಯ ಏನು ಮಾಡುತ್ತಾನೆ ಎಂದು ಆ ಮಧ್ಯಾಹ್ನ ನೋಡಿದೆ. ಯಾದಗಿರಿಯ ಒಬ್ಬರಿಗೆ ಐದು ಪೊಟ್ಟಣ ಶೇಂಗಾ ಹೋಳಿಗೆ, ಒಂದು ರೊಟ್ಟಿ. ಇದು ಬುತ್ತಿಯಲ್ಲ, ರೊಟ್ಟಿಯನ್ನು ಬರೀ ಸಾಕ್ಷಿ ಹೇಳಲು ಕರೆತಂದ ಮದುವೆ. ಇನ್ನೊಬ್ಬರಿಗೆ ಒಂದು ರೊಟ್ಟಿಗೆ ನಾಲ್ಕು ಉಪ್ಪಿನಕಾಯಿ. ಮತ್ತೊಬ್ಬ ಪುಣ್ಯಾತ್ಮ ಒಂದು ರೊಟ್ಟಿಯ ಪೊಟ್ಟಣವನ್ನಷ್ಟೇ ಆರಿಸಿ, ‘ಚೆನ್ನಾಗಿ ಪ್ಯಾಕ್ ಮಾಡಿ’ ಎಂದು ಮೂರು ಸಾಲು ಬರೆದಿದ್ದ. ಅಗಸಿ ಹಿಂಡಿಯನ್ನು ಯಾರೂ ಕೇಳಲಿಲ್ಲ.

ಐದೂವರೆಗೆ ಹನ್ನೆರಡು ಬುತ್ತಿಯಾಯಿತು. ಶರಣಮ್ಮ ಕೈ ಒರೆಸಿಕೊಂಡು ಮುಕಾದಮನಿಗೆ ಫೋನು ಹಚ್ಚಿದಳು. “ಬರಂಗಿಲ್ರಿ. ನನ್ನ ಪಾಲಿನ ಧೂಳು ನೀವ ಇಟ್ಕೋರಿ,” ಎಂದು ಇಟ್ಟುಬಿಟ್ಟಳು. ಆಮೇಲೆ ಅವಳು ಬಡಿದ ರೊಟ್ಟಿಯ ಸಪ್ಪಳ ಪಡಸಾಲೆಗೆ ಕೇಳುವಷ್ಟು ಜೋರಾಗಿತ್ತು.

ಕಟ್ಟಲು ಉಳಿದದ್ದು ಸುರಪುರದ ಡಬ್ಬಿ. ಭಾಗ್ಯಶ್ರೀ ಐದು ಆರಿಸಿದ್ದಳು, ಅಗಸಿ ಬಿಟ್ಟಿದ್ದಳು. ಆರನೆಯ ಜಾಗ ಖಾಲಿ ಇತ್ತು. ನನ್ನ ಕೈ ತಾನಾಗಿ ಅಗಸಿ ಹಿಂಡಿಯ ಒಂದು ಪೊಟ್ಟಣವನ್ನು ಅಲ್ಲಿ ಇಟ್ಟಿತು.

“ಅದೇನ್ರಿ ಅತ್ತೀ?”

“ಕೊಸರು.”

“ಅದು ಕೊಸರಲ್ರಿ, ಶಿಕ್ಷಾ.”

ಪೊಟ್ಟಣವನ್ನು ಹೊರಗೆ ತೆಗೆದು ರೇಣುಕಾಳ ಕೈಗೆ ಕೊಟ್ಟೆ. ನನ್ನ ಬೆನ್ನ ಹಿಂದೆ ಮಾಡುತ್ತಿದ್ದುದನ್ನು ಆ ಹುಡುಗಿ ಈಗ ಕಣ್ಣೆದುರೇ, ದುಡ್ಡು ಕೊಟ್ಟು ಮಾಡಿದ್ದಾಳೆ, ಮಾಡಲಿ. ಡಬ್ಬಿಗೆ ಟೇಪು ಹಚ್ಚತೊಡಗಿದೆ.

“ಹಂಗಾರ ಇದನ್ನ ರಾತ್ರಿ ನಿಮ್ಮ ರೊಟ್ಟಿಗೆ ಇಡ್ಲೇನ್ರಿ?” ಎಂದಳು ರೇಣುಕಾ.

ಸುತ್ತ ನೋಡಿದೆ. ನನ್ನ ಇನ್ನೂರು ಹುಡುಗಿಯರಲ್ಲಿ ಒಬ್ಬರೂ ಅಲ್ಲಿರಲಿಲ್ಲ.

“ಬ್ಯಾಡ,” ಎಂದೆ. “ನನಗೂ ಅದು ಎಂದೂ ಸೇರಿದ್ದಿಲ್ಲ.”

ಟೇಪು ಕತ್ತರಿಸಿ, ಮೇಲೆ ಸುರಪುರ ಎಂದು ಬರೆದೆ. ಆಗ ಆರೂ ಮುಕ್ಕಾಲು.