ರಾಕ್ಷಸನ ಪಟ್ಟಣಕ್ಕೆ ಬೆಂಕಿ

ಐವತ್ತರ ದಶಕದ ಕೊನೆಯಲ್ಲಿ ನಾನು ಒಂದು ನಾಟಕ ಕಂಪನಿಯಲ್ಲಿ ಪರದೆ ಬರೆಯುತ್ತಿದ್ದೆ. ಕಾಡು, ಅರಮನೆ, ಸ್ವರ್ಗ ಎಲ್ಲ ನನ್ನ ಕೈಯವೇ. ಹರಿಹರದ ಹೊಳೆದಂಡೆಯಲ್ಲಿ ಕ್ಯಾಂಪ್ ಇದ್ದಾಗ ಎಲ್ಲ ನೆಟ್ಟಗಿತ್ತು. ದಾವಣಗೆರೆಗೆ ಬಂದು ಬಟ್ಟೆ ಗಿರಣಿಯ ಪಕ್ಕ ಟೆಂಟ್ ಹೊಡೆದೆವು ನೋಡಿ, ನನ್ನ ಗ್ರಹಚಾರ ಶುರುವಾಯಿತು. ಒಣಗಲು ಹಾಕಿದ ಹಸಿ ಬಣ್ಣದ ಮೇಲೆ ಗಿರಣಿಯ ಚಿಮಣಿ ಮಸಿ ಉದುರಿಸುತ್ತಿತ್ತು. ನೋಡನೋಡುತ್ತ ನನ್ನ ಸ್ವರ್ಗ ಅಡುಗೆಮನೆಯ ಗೋಡೆಯಂತಾಯಿತು. ಅಪ್ಸರೆಯರು ಅದರ ಮುಂದೆ ಕುಣಿಯುತ್ತಿದ್ದರೆ ನನಗೆ ಕೆಮ್ಮು ಬರುತ್ತಿತ್ತು.

ಕಂಪನಿಯ ಮಾಲೀಕರು ಚಿಮಣಿಯನ್ನು ಬಿಟ್ಟು ನನ್ನನ್ನು ಬೈದರು. ಹೊಸ ನಾಟಕದ ಪರದೆಗೆ ಚಪ್ಪಾಳೆ ಬೀಳದಿದ್ದರೆ ಗಂಟುಮೂಟೆ ಕಟ್ಟು ಎಂದರು. ಆ ನಾಟಕದ ಕೊನೆಗೆ ರಾಜಕುಮಾರ ರಾಕ್ಷಸನ ಪಟ್ಟಣವನ್ನು ಸುಡಬೇಕು. ನಾನು ಪಟ್ಟಣದ ಬದಲು ಆ ಗಿರಣಿಯನ್ನೇ ಬರೆದೆ. ಚಿಮಣಿ, ಗೇಟು, ಗೇಟಿನೆದುರಿನ ಚಹಾದಂಗಡಿ, ಒಂದನ್ನೂ ಬಿಡಲಿಲ್ಲ. ನಿಜವಾದದ್ದನ್ನು ಸುಡಲು ನನ್ನಿಂದಾಗದು, ಪರದೆಯ ಮೇಲಾದರೂ ಸುಟ್ಟುಹೋಗಲಿ ಎಂಬ ಹೊಟ್ಟೆಯುರಿ.

ಮೊದಲ ಆಟಕ್ಕೆ ಪಾಳಿ ಮುಗಿಸಿದ ಕಾರ್ಮಿಕರು ತಲೆಗೂದಲಿನ ಹತ್ತಿಯ ಸಮೇತ ಬಂದು ಕೂತರು. ಕೊನೆಯ ದೃಶ್ಯಕ್ಕೆ ಗಿರಣಿಯ ಪರದೆ ಇಳಿಯಿತು. ಚಪ್ಪಾಳೆಯೇ ಇಲ್ಲ. ಎಲ್ಲರೂ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ನನ್ನ ಕಥೆ ಮುಗಿಯಿತು ಎಂದುಕೊಂಡೆ. ರಾಜಕುಮಾರ ದೀವಟಿಗೆ ಎತ್ತಿ, ರಾಳದ ಪುಡಿ ಎರಚಿ ಜ್ವಾಲೆ ಎಬ್ಬಿಸಲು ಕೈ ಮೇಲೆತ್ತಿದ. ಆಗ ನಡುವಿನಿಂದ ಒಬ್ಬ ಎದ್ದು ನಿಂತ.

"ಏ ತಮ್ಮಾ, ಸುಡಬ್ಯಾಡ. ನಾಳೆ ನಂದು ಮೊದಲ್ನೇ ಪಾಳಿ ಐತೆ."

ಚಹಾದಂಗಡಿಯವನು ಪಾಪದವನು, ಅವನ ತಂಟೆಗೆ ಹೋಗಬ್ಯಾಡ ಎಂದ ಇನ್ನೊಬ್ಬ. ಹಿಂದಿನವರೂ ಬ್ಯಾಡ ಬ್ಯಾಡ ಎಂದು ದನಿಗೂಡಿಸಿದರು. ಸುಡುವುದನ್ನಷ್ಟೇ ಕಲಿತಿದ್ದ ರಾಜಕುಮಾರ ಕಕ್ಕಾಬಿಕ್ಕಿಯಾಗಿ ನಿಂತ. ಪಕ್ಕದ ಪರದೆಯ ಮರೆಯಿಂದ ಮಾಲೀಕರು ಸುಡು ಎಂದು ಹಲ್ಲು ಕಡಿಯುತ್ತಿದ್ದರು.

ನನ್ನ ಕಾಡಿಗಾಗಲಿ, ಅರಮನೆಗಾಗಲಿ ಅದುವರೆಗೆ ಯಾರೂ ಅಯ್ಯೋ ಎಂದಿರಲಿಲ್ಲ. ಸಂತೋಷಕ್ಕೆ ನನಗೆ ಅಳುವೇ ಬಂತು. ಕುಂಚ ತೊಳೆದ ನೀರಿನ ಬಕೆಟ್ ಎತ್ತಿಕೊಂಡು ರಂಗಕ್ಕೆ ನುಗ್ಗಿ ದೀವಟಿಗೆಯ ಮೇಲೆ ಸುರಿದೆ. ಬೆಂಕಿ ಆರಿತು. ರಾಜಕುಮಾರ ಕುತ್ತಿಗೆಯಿಂದ ಕೆಳಗೆ ನೀಲಿಯಾದ.

ಟೆಂಟ್ ಹಾರಿಹೋಗುವಂಥ ಚಪ್ಪಾಳೆ. ಮೇಲೆ ಒನ್ಸ್ ಮೋರ್ ಬೇರೆ. ಒನ್ಸ್ ಮೋರ್ ಬಿದ್ದರೆ ಮತ್ತೆ ಮಾಡಿ ತೋರಿಸುವುದು ಕಂಪನಿಯ ಪದ್ಧತಿ. ದೀವಟಿಗೆ ಮತ್ತೆ ಹಚ್ಚಿದರು, ನಾನು ಮತ್ತೆ ಆರಿಸಿದೆ. ಈ ಸಲ ಅವನು ಹಸಿರಾದ.

ಆ ಕ್ಯಾಂಪ್ ಮುಗಿಯುವ ತನಕ ರಾಕ್ಷಸನೇ ಗೆದ್ದ. ಅವನ ಪಟ್ಟಣವನ್ನು ದಿನಾ ಉಳಿಸಿಕೊಡುವುದು ನನ್ನ ಕೆಲಸವಾಯಿತು.