ಮಳೆಗಾಲದ ಉಪ್ಪು ತೂಗಿ ಮೀಟರ್ ಸರಿಮಾಡಿದ್ದು

ಸ್ವಲ್ಪ ತಾಳಿ, ಉಪ್ಪಿನ ಡಬ್ಬಿ ಬರೋ ತನಕ ಓದಿ. ಅದಕ್ಕೆ ಮುಂಚೆ ಒಂದು ಬಾವಿ, ಒಂದು ಗೊಬ್ಬರದ ಗುಂಡಿ, ಒಂದು ಜಗಳ ಇದೆ. ಜಗಳ ಹಚ್ಚಿದ್ದು ನಾನೇ.

ನಮ್ದು ಕೊಡ್ಲಿಪೇಟೆ ಕಡೆ. ಆನ್‌ಲೈನಲ್ಲಿ ಒಂದು ಅಗ್ಗದ ಮೀಟರ್ ತರಿಸಿದ್ದೆ, ಪೆನ್ನಿನ ಥರ ಇದೆ. ನೀರಲ್ಲಿ ಅದ್ದಿದ್ರೆ ಅದರಲ್ಲಿ ಕರೆಂಟು ಎಷ್ಟು ಸಲೀಸಾಗಿ ಹರಿಯುತ್ತೆ ಅಂತ ನಂಬರ್ ತೋರ್ಸುತ್ತೆ. ಲವಣ ಜಾಸ್ತಿ ಕರಗಿದ್ರೆ ನಂಬರ್ ಜಾಸ್ತಿ. ಬೇಸಿಗೇಲಿ ಸಿಕ್ಕಿದ ನೀರಿಗೆಲ್ಲಾ ಅದ್ದಿ ನೋಟ್‌ಬುಕ್ಕಲ್ಲಿ ಬರ್ಕೊಂಡಿದ್ದೆ. ಪಕ್ಕದ್ಮನೆ ಅತ್ತೆ ಬಾವಿ 180.

ಇಂಥ ಮೀಟರ್ ಬರ್ತಾ ಬರ್ತಾ ಸುಳ್ಳು ಹೇಳುತ್ತೆ, ಆಗಾಗ ಸರಿಮಾಡ್ಬೇಕು ಅಂತ ವಿಡಿಯೋ ನೋಡಿ ಕಲ್ತೆ. ಅದಕ್ಕೆ ನಂಬರ್ ಮೊದ್ಲೇ ಗೊತ್ತಿರೋ ನೀರು ಬೇಕು. ಅದರ ಪುಡಿ ಪೊಟ್ಟಣದಲ್ಲಿ ಸಿಗುತ್ತೆ, ಆದ್ರೆ ಪೋಸ್ಟಲ್ಲಿ ಬರೋ ತನಕ ಕಾಯೋ ಜನ ನಾನಲ್ಲ. ನಾನೇ ಮಾಡ್ಕೊಳ್ಳೋಣ ಅಂತ ಲೆಕ್ಕ ಹಾಕ್ದೆ: ಬ್ಯಾಟರಿಗೆ ಹಾಕೋ, ಲವಣ ಇಲ್ಲದ ನೀರು ಐದು ಲೀಟರ್, ಉಪ್ಪು ಮೂರೂವರೆ ಗ್ರಾಂ, 1413ರ ಹತ್ರ ಬರ್ಬೇಕು. ಜುಲೈ ತಿಂಗಳು. ಅಡುಗೆಮನೆ ಡಬ್ಬಿಯಿಂದ ಉಪ್ಪು ತಗೊಂಡು ಪುಟ್ಟ ತಕ್ಕಡೀಲಿ ಚಿಟಿಕೆ ಚಿಟಿಕೆ ಹಾಕಿ ತೂಗ್ದೆ. ಕರಗಿಸಿ, ಮೀಟರ್ ಹಿಂದಿನ ಸ್ಕ್ರೂ ತಿರುಗಿಸಿ 1413ಕ್ಕೆ ನಿಲ್ಲಿಸ್ದೆ. ಏನ್ ಖುಷಿ ಅಂತೀರಾ!

ಅದೇ ಖುಷೀಲಿ ಅತ್ತೆ ಬಾವಿಗೆ ಹೋದೆ. 215. ಮಳೆನೀರು ಸೇರಿ ಇಳೀಬೇಕಿತ್ತು, ಏರಿದೆ. ಸುಮ್ನಿರದೆ "ಏನೋ ಸೇರ್ತಾ ಇದೆ ಅತ್ತೆ" ಅಂದ್ಬಿಟ್ಟೆ.

ಅತ್ತೆ ಕಣ್ಣು ಸೀದಾ ಮೇಲ್ಮನೆ ಕಡೆ ಹೋಯ್ತು. ಅಲ್ಲಿಯ ಅಣ್ಣ ಆ ವರ್ಷ ಬಾವಿಗಿಂತ ಎತ್ತರದಲ್ಲಿ ಹೊಸ ಗೊಬ್ಬರದ ಗುಂಡಿ ತೆಗೆಸಿದ್ರು.

"ನಂಗೆ ಅವತ್ತೇ ಅನುಮಾನ ಇತ್ತು ಕಣೋ."

ಸಂಜೆಗೆ ಅತ್ತೆ ತೋಟದ ದಾರಿಗೆ ಉಣುಗೋಲು ಬಿತ್ತು, ಬಿದಿರಿನ ಮೂರು ಗಳಾನೂ ಅಡ್ಡ, ಯಾರೂ ದಾಟೋ ಹಾಗಿಲ್ಲ. ಅಣ್ಣ ಡೈರಿಗೆ ಹಾಲು ಹಾಕೋಕೆ ಓಡಾಡ್ತಿದ್ದ ದಾರಿ ಅದು. ಮಾರನೇ ದಿನದಿಂದ ಕ್ಯಾನ್ ಹೊತ್ಕೊಂಡು ಕಾಡಂಚಲ್ಲಿ ಸುತ್ತು ಹಾಕಿ ಹೋಗ್ತಿದ್ರು, ಕಾಲು ತುಂಬ ಜಿಗಣೆ. ನನ್ನ ನೋಡಿ, "ಏನಪ್ಪಾ ವಿಜ್ಞಾನಿ, ನಮ್ ಹಸು ಅಷ್ಟೊಂದು ಉಪ್ಪು ತಿನ್ನುತ್ತಾ?" ಅಂದ್ರು. ನಗ್ತಾನೇ ಅಂದ್ರು, ಆದ್ರೆ ನಿಲ್ಲಲಿಲ್ಲ.

ಒಳಗೇ ಚುಚ್ತಿತ್ತು. ನಮ್ಮನೆ ಬಾವಿಗೂ ಅದ್ದಿದೆ. ಅದು ಗುಡ್ಡದ ಆಚೆ ಬದಿ, ಗುಂಡಿಗೂ ಅದಕ್ಕೂ ಸಂಬಂಧಾನೇ ಇಲ್ಲ. ಅದೂ ಏರಿತ್ತು. ಅಂದ್ರೆ ತಪ್ಪು ನೀರಿಂದಲ್ಲ, ಮೀಟರಿಂದು.

ಆಗ ಅಮ್ಮ ಸಾರಿಗೆ ಉಪ್ಪು ಹಾಕ್ತಿದ್ರು. ಚಮಚ ಡಬ್ಬೀಲಿ ಅಂಟ್ಕೊಂತು. ಬಗ್ಗಿ ನೋಡಿದ್ರೆ ತಳದಲ್ಲಿ ನೀರು. ನಾನು ತೂಗಿದ್ದು ಬರೀ ಉಪ್ಪಲ್ಲ, ಉಪ್ಪು ಕುಡಿದಿದ್ದ ಮಳೆಗಾಲಾನೂ. ನಿಜವಾದ ಉಪ್ಪು ಕಮ್ಮಿ ಬಿದ್ದ ನೀರನ್ನೇ 1413 ಅಂತ ಹೇಳ್ಸಿದ್ದಕ್ಕೆ ಮೀಟರ್ ಎಲ್ಲಾ ನೀರಿಗೂ ಜಾಸ್ತಿ ತೋರಿಸ್ತಿತ್ತು.

ಅಪ್ಪ ಬಿದ್ದೂ ಬಿದ್ದೂ ನಕ್ರು. "ತೇವ ನೋಡ್ದೆ ಕಾಫಿ ಯಾವ ಸಾವ್ಕಾರ ತಗೋತಾನೋ? ಕಾಫಿ ಬೆಳೆಯೋರ ಮನೇಲಿ ಹುಟ್ಟಿ ಉಪ್ಪನ್ನ ಹಸೀದೇ ತೂಗಿದ್ಯಲ್ಲೋ!"

ಉಪ್ಪನ್ನ ಬಾಣಲೇಲಿ ಹುರಿದು, ಆರಿಸಿ, ಹೊಸ ಕ್ಯಾನ್ ನೀರಿಗೆ ಮತ್ತೆ ತೂಗಿ ಹಾಕ್ದೆ. ಸ್ಕ್ರೂ ತಿರುಗಿಸಿ ಅದನ್ನ 1413ಕ್ಕೆ ತಂದ ಮೇಲೆ ನನ್ನ ಹಳೇ ಉಪ್ಪುನೀರು 1120 ತೋರಿಸ್ತು. ಅತ್ತೆ ಬಾವಿ 170.

ಹೇಳೋಕೆ ಹೋದೆ. ಅತ್ತೆ ಪೂರ್ತಿ ಕೇಳಿ, "ಈಗ ಸರಿ ಇದೆ ಅಂತಿರೋದು ನೀನಾ, ಆ ಪೆನ್ನಾ?" ಅಂದ್ರು.

"ಪೆನ್ನಿಗೆ ಲವಣ ಅಷ್ಟೇ ಗೊತ್ತಾಗೋದು ಅತ್ತೆ. ಕ್ರಿಮಿ ಇದ್ರೆ ಅದಕ್ಕೆ ತಿಳಿಯಲ್ಲ, ಲ್ಯಾಬಿಗೆ ಕೊಡ್ಬೇಕು. ಅಲ್ಲಿ ತನಕ ಕುದಿಸಿ ಕುಡೀರಿ. ಆದ್ರೆ ಏರಿದೆ ಅಂದಿದ್ದು ತಪ್ಪು. ನಂದೇ ತಪ್ಪು."

"ನನ್ ಹತ್ರ ಯಾಕೆ ಹೇಳ್ತೀಯ? ಮೇಲ್ಮನೇಲಿ ಹೇಳು."

ಹೇಳ್ದೆ. ಅಣ್ಣ ಹಾಲು ಕರೀತಾನೇ ಕೇಳಿಸ್ಕೊಂಡು, "ಲ್ಯಾಬಿಗೆ ನಾನೇ ಬರ್ತೀನಿ, ಬಾಟ್ಲಿ ನೀನು ಹಿಡ್ಕೊ" ಅಂದ್ರು.

ಮಾರನೇ ಬೆಳಿಗ್ಗೆ ನೋಡಿದ್ರೆ ಉಣುಗೋಲಿನ ಎರಡು ಗಳ ಸರಿಸಿತ್ತು. ಕೆಳಗಿನದು ಹಂಗೇ ಇತ್ತು, ಲ್ಯಾಬ್ ರಿಪೋರ್ಟ್ ಬರ್ಲಿ ಅಂತ ಅತ್ತೆ ಬಿಟ್ಟಿರಬೇಕು. ಅಣ್ಣ ಕ್ಯಾನನ್ನ ಆ ಕಡೆ ಇಟ್ಟು, ಪಂಚೆ ಎತ್ತಿ ದಾಟಿದ್ರು.

ನಿಮ್ಮ ಕಡೆ ಮಳೆಗಾಲದಲ್ಲಿ ಉಪ್ಪು ಹೆಂಗೆ ಒಣಗಿಸಿ ತೂಗ್ತೀರ? ಇಂಥ ಮೀಟರ್ ನಂಬಿ ಯಾರಿಗಾದ್ರೂ ಏನಾದ್ರೂ ಅಂದ್ಬಿಟ್ಟಿದ್ರೆ, ಆಮೇಲೆ ಅವರ ಮನೆಗೆ ಹೆಂಗೆ ಹೋದ್ರಿ ಅಂತಾನೂ ಬರೀರಿ.